ಹಂಡೆ ಒಲೆಯ ಹೊಗೆ ಮತ್ತು ಡಬ್ಬಿಯ ಅರಸಿನ
(ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)





ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ಹೆಸರಿನ ಎದುರು 'ಶಿಕ್ಷಣದ ಮಹತ್ವ' ಎಂದು ಅಚ್ಚಾಗಿದೆ. ಆ ವಿಷಯದ ಮೇಲೆ ಇದೇ ಮೈಕಿನಲ್ಲಿ ಎಷ್ಟು ಸಲ ಮಾತಾಡಿದ್ದೇವೋ ಲೆಕ್ಕವಿಲ್ಲ. ಹಿಂದಿನ ಸಾಲಿನಲ್ಲಿರುವ ಮಕ್ಕಳಿಗೆ ಬಾಯಿಪಾಠವಾಗಿರಬೇಕು. ಅಧ್ಯಕ್ಷರ ಅಪ್ಪಣೆ ಪಡೆದು ಈ ಸಲ ಬೇರೆ ವಿಷಯ ಹೇಳುತ್ತೇವೆ. ಒಂದು ಮನೆಯವರಿಗೆ ಉತ್ತರ ಕೊಡುವುದು ಬಾಕಿ ಇದೆ. ಆ ಬಾಕಿಯನ್ನು ಎಲ್ಲರ ಎದುರು ತೀರಿಸುವುದಾಗಿ ಅವರಿಗೆ ಮಾತು ಕೊಟ್ಟಿದ್ದೆವು.

ವಿದ್ಯಾರ್ಥಿವೇತನಕ್ಕೆ ಅರ್ಜಿ ಬಂದ ಮೇಲೆ ಸಮಿತಿಯವರು ಮನೆ ಮನೆಗೆ ಹೋಗಿ ನೋಡಿ ಬರುವುದು ನಮ್ಮಲ್ಲಿ ರೂಢಿ. ಹಾಗೆ ಹೋದ ಒಂದು ಮನೆಯ ಮಾತು ಇದು. ಹೆಸರು ಹೇಳುವುದಿಲ್ಲ. ಇಲ್ಲಿ ಹೇಳುವುದಕ್ಕೆ ಅವರ ಒಪ್ಪಿಗೆ ಕೇಳಿಯೇ ಬಂದಿದ್ದೇವೆ. ಮಗಳು ದ್ವಿತೀಯ ಪಿಯುಸಿ ವಿಜ್ಞಾನ. ಉಮ್ಮ ಬೀಡಿ ಕಟ್ಟುವವರು, ಮೂರು ನಾಲ್ಕು ವರ್ಷಗಳಿಂದ ಕೆಮ್ಮು, ಉಬ್ಬಸ. ನಾವು ಹೋದಾಗ ಅವರು ಹಿತ್ತಿಲ ಬಚ್ಚಲಲ್ಲಿ ಹಂಡೆಗೆ ಬೆಂಕಿ ಹಾಕುತ್ತಿದ್ದರು. ಕಣ್ಣೊರೆಸಿಕೊಂಡು ಬಂದು ಬಾಗಿಲಲ್ಲಿ ನಿಂತವರು ನಮ್ಮ ಹಳೆಯ ವಿದ್ಯಾರ್ಥಿನಿ! "ಟೀಚರ್, ನೆನಪುಂಟಾ?" ಎಂದರು. ನೆನಪಿತ್ತು.

ಕಪಾಟಿನಲ್ಲಿ ಒಂದು ಡಬ್ಬಿ ಇತ್ತು. ಅರಸಿನ, ತುಳಸಿ, ಇನ್ನೂ ಏನೇನೋ ಸೇರಿದ ಹುಡಿ. ವಾಯುಮಾಲಿನ್ಯದಿಂದ ನಿಮ್ಮ ಡಿಎನ್‌ಎ ರಕ್ಷಿಸುತ್ತದೆ ಎಂಬ ಅರ್ಥದ ಬರಹ ಡಬ್ಬಿಯ ಮೇಲೆ. ಒಂದು ಡಬ್ಬಿಯ ಬೆಲೆ ಆ ಹುಡುಗಿಯ ಎರಡು ತಿಂಗಳ ಬಸ್ ಖರ್ಚಿಗಿಂತ ಜಾಸ್ತಿ. ಅದರ ಪಕ್ಕದಲ್ಲಿ ಆಸ್ಪತ್ರೆಯಲ್ಲಿ ಕೊಟ್ಟ ಇನ್‌ಹೇಲರ್ ಧೂಳು ಹಿಡಿದು ಬಿದ್ದಿತ್ತು. "ಅದನ್ನು ಬಿಟ್ಟು ಎಂಟು ತಿಂಗಳಾಯಿತು ಟೀಚರ್, ಅಭ್ಯಾಸವಾಗಿಬಿಡುತ್ತದಂತೆ. ಇದು ಗಿಡಮೂಲಿಕೆ, ತೊಂದರೆ ಇಲ್ಲ" ಎಂದರು. ನಾವು ಏನೋ ಹೇಳಹೊರಟಾಗ ಅವರು ನಕ್ಕು, "ನೀವೇ ಹೇಳಿ ಕೊಟ್ಟದ್ದಲ್ವಾ, ಅರಸಿನ ಇದ್ದರೆ ಕ್ಯಾನ್ಸರ್ ಹತ್ತಿರ ಬರುವುದಿಲ್ಲ ಅಂತ. ಎಕ್ಸಿಬಿಷನ್‌ನಲ್ಲಿ ನಾನೇ ಚಾರ್ಟ್ ಹಿಡಿದು ನಿಂತದ್ದು" ಎಂದುಬಿಟ್ಟರು.

ನಮ್ಮ ಬಾಯಿ ಕಟ್ಟಿತು. ಅವರು ಹೇಳಿದ್ದು ನಿಜ. ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲಿನ ಸುದ್ದಿಯನ್ನು ಕತ್ತರಿಸಿ, ಅದರ ಹಿಂದುಮುಂದು ವಿಚಾರಿಸದೆ, ದಪ್ಪ ಅಕ್ಷರದಲ್ಲಿ ಚಾರ್ಟ್ ಬರೆಸಿದವರು ನಾವೇ. ಮಗಳು ಪಕ್ಕದಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. "ಅದು ನಿಜವಾ ಟೀಚರ್? ಡಿಎನ್‌ಎಗೆ ಆದ ಹಾನಿಯನ್ನು ಅರಸಿನ ತಡೆಯುತ್ತದಾ?" ಎಂದು ಕೇಳಿದಳು. ಓದಿ ನೋಡಿ ಹೇಳುತ್ತೇವೆ ಎಂದು ಬಂದೆವು. ಆಮೇಲೆ ಓದಿದ್ದೇ ಈ ಭಾಷಣ.

ಮೊದಲು ನಮ್ಮನ್ನು ಬೆರಗುಗೊಳಿಸಿದ ಸಂಗತಿ. ಆ ನಾಲ್ಕು ಸಾಲಿನ ಸುದ್ದಿಯ ಹಿಂದೆ ನಿಜವಾದ ಕೆಲಸವೊಂದಿತ್ತು, ಅದೂ ನಮ್ಮ ಮೈಸೂರಿನಲ್ಲಿ. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಎಲ್ಲರೂ ಸಿಎಫ್‌ಟಿಆರ್‌ಐ ಎನ್ನುವ ಸಂಸ್ಥೆ, ನಿಮ್ಮಲ್ಲಿ ಹಲವರು ಮೈಸೂರು ಪ್ರವಾಸದಲ್ಲಿ ಹೊರಗಿನಿಂದ ಕಂಡಿರಬಹುದು. ಅಲ್ಲಿ ಲೀಲಾ ಶ್ರೀನಿವಾಸ್ ಮತ್ತು ವಿ.ಕೆ. ಶಾಲಿನಿ ಎಂಬ ವಿಜ್ಞಾನಿಗಳು 1980ರ ದಶಕದ ಕೊನೆಯಿಂದ ಅರಸಿನದ ಮೇಲೆ ಕೆಲಸ ಮಾಡಿದರು. ಅವರು ಆರಿಸಿಕೊಂಡದ್ದು ಕಾರ್ಖಾನೆಯ ಹೊಗೆಯಲ್ಲ, ದಿಲ್ಲಿಯ ಬಸ್ಸಿನ ಹೊಗೆಯೂ ಅಲ್ಲ. ಅಡುಗೆ ಒಲೆಗೆ ಹಾಕುವ ಇಂಧನದ ಹೊಗೆ. 1991ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಂತೂ ಚಿಕ್ಕ ಕಡ್ಡಿ ಮತ್ತು ಒಣ ಎಲೆ ಉರಿಸಿದಾಗ ಬರುವ ಹೊಗೆ. ತರಗೆಲೆ! ಇದನ್ನು ಓದಿದಾಗ ನಮಗೆ ಆ ಹಿತ್ತಿಲ ಬಚ್ಚಲೇ ಕಣ್ಣೆದುರು ಬಂತು. ಗೇರಿನ ತರಗೆಲೆ, ಮಡಲು, ತೆಂಗಿನ ಸಿಪ್ಪೆ, ಒಣಗದ ಅಡಿಕೆ ಸೋಗೆ, ಇವೆಲ್ಲ ಮಳೆಗಾಲದಲ್ಲಿ ಬೆಂಕಿ ಹಿಡಿಯುವ ಮೊದಲು ಎಷ್ಟು ಹೊಗೆಯುತ್ತವೆ ಎಂಬುದನ್ನು ಇಲ್ಲಿರುವ ಉಮ್ಮಂದಿರಿಗೆ ಯಾವ ಪ್ರಬಂಧವೂ ಹೇಳಿಕೊಡಬೇಕಾಗಿಲ್ಲ.

ಮಕ್ಕಳಿಗಾಗಿ ಸ್ವಲ್ಪ ಪಾಠ ಮಾಡುತ್ತೇವೆ, ಹಿರಿಯರು ಸಹಿಸಿಕೊಳ್ಳಬೇಕು. ನಮ್ಮ ಪ್ರತಿ ಜೀವಕೋಶದೊಳಗೆ ಡಿಎನ್‌ಎ ಎಂಬ ಎರಡೆಳೆ ಹೊಸೆದ ನೂಲು ಇದೆ. ಆ ಕೋಶ ಏನು ಮಾಡಬೇಕು, ಯಾವಾಗ ಎರಡಾಗಬೇಕು, ಯಾವಾಗ ನಿಲ್ಲಬೇಕು ಎಂಬುದೆಲ್ಲ ಅದರಲ್ಲಿ ಬರೆದಿದೆ. ಎಲೆ, ಕಟ್ಟಿಗೆ, ತಂಬಾಕು ಯಾವುದೇ ಅರೆಬರೆ ಉರಿದಾಗ ಬೆಂಜೋಪೈರೀನ್ ಎಂಬ ಜಾತಿಯ ವಸ್ತುಗಳು ಹುಟ್ಟುತ್ತವೆ. ಮಸಿಯ ಕಣಕ್ಕೆ ಅಂಟಿಕೊಂಡು ಶ್ವಾಸಕೋಶಕ್ಕೆ ಇಳಿಯುತ್ತವೆ. ವಿಚಿತ್ರವೆಂದರೆ, ಬೆಂಜೋಪೈರೀನ್ ಬಂದ ರೂಪದಲ್ಲಿ ಅಷ್ಟು ಕೆಟ್ಟದ್ದಲ್ಲ. ಅದನ್ನು ಹೊರಹಾಕಲು ಸುಲಭವಾಗಲಿ ಎಂದು ನಮ್ಮ ದೇಹವೇ ಅದನ್ನು ಬದಲಾಯಿಸುತ್ತದೆ. ಬದಲಾಯಿಸುವ ದಾರಿಯಲ್ಲಿ ಹುಟ್ಟುವ ಒಂದು ರೂಪ ಹೋಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಇನ್ನು ಹೊಗೆಯಲ್ಲಿರುವ ಉಗ್ರ ಆಮ್ಲಜನಕದ ಕಣಗಳು ನೂಲಿನ ಎಳೆಯನ್ನೇ ಕಡಿಯುತ್ತವೆ. ಅಲ್ಲಾಹನು ದೇಹದಲ್ಲಿ ರಿಪೇರಿಯ ವ್ಯವಸ್ಥೆಯನ್ನೂ ಇಟ್ಟಿದ್ದಾನೆ. ದಿನವೂ ಕಡಿಯುವುದು, ದಿನವೂ ಜೋಡಿಸುವುದು ನಡೆಯುತ್ತಲೇ ಇರುತ್ತದೆ. ಹೊಗೆ ಹೆಚ್ಚಾಗಿ ರಿಪೇರಿ ಹಿಂದೆ ಬಿದ್ದಾಗ ತಪ್ಪು ಉಳಿಯುತ್ತದೆ. ಅಂಥ ತಪ್ಪುಗಳು ಒಂದೇ ಕೋಶದಲ್ಲಿ ಕೂಡಿಕೊಂಡರೆ ಅದು ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಕ್ಯಾನ್ಸರ್ ಎನ್ನುವುದು ಅದಕ್ಕೆ.

ಮೈಸೂರಿನವರು ಮಾಡಿದ್ದು ಇಷ್ಟು: ಹೊಗೆಯನ್ನು ಸಂಗ್ರಹಿಸಿ, ಮನುಷ್ಯರ ರಕ್ತದಿಂದ ತೆಗೆದ ಲಿಂಫೋಸೈಟ್ ಎಂಬ ಬಿಳಿಕಣಗಳಿಗೆ ತಾಗಿಸಿದರು. ತರಗೆಲೆಯ ಹೊಗೆ ತಾಗಿದ ಕಣಗಳಲ್ಲಿ ಡಿಎನ್‌ಎ ಹಾನಿ, ತಾಗದವುಗಳಿಗಿಂತ ಬಹಳ ಹೆಚ್ಚು ಕಂಡಿತು. ಜೊತೆಗೆ ಅರಸಿನದ ನೀರಿನಲ್ಲಿ ಕರಗುವ ಭಾಗವನ್ನು ಸೇರಿಸಿದಾಗ ಆ ಹಾನಿಯ ಬಹುಪಾಲು ತಪ್ಪಿತು. ಅರಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಕೂಡ ಸ್ವಲ್ಪ ರಕ್ಷಿಸಿತು. ಆದರೆ ನೀರಿನ ಭಾಗ ಅದಕ್ಕಿಂತ ಮೇಲಾಯಿತು. ಈಗ ಪೇಟೆಯಲ್ಲಿ ಕರ್ಕ್ಯುಮಿನ್ ಎಂದು ಹೆಸರು ಹಾಕಿ ಮಾರುವವರು ಈ ಮಾತನ್ನು ಎಲ್ಲೂ ಹೇಳುವುದಿಲ್ಲ, ಅದು ಬೇರೆ ವಿಷಯ.

ಮೈಸೂರು ಒಂದೇ ಅಲ್ಲ. ಇಲ್ಲಿಂದ ಕಾರ್ಕಳ ದಾಟಿ ಹೋದರೆ ಮಣಿಪಾಲ. ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿಕಿರಣ ಜೀವವಿಜ್ಞಾನ ವಿಭಾಗದಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು 1990ರ ದಶಕದಲ್ಲಿ ತುಳಸಿಯನ್ನು ಪರೀಕ್ಷೆಗೆ ಹಚ್ಚಿದರು. ತುಳಸಿ ಎಲೆಯಿಂದ ಓರಿಯೆಂಟಿನ್, ವೈಸೆನಿನ್ ಎಂಬ ಎರಡು ವಸ್ತುಗಳನ್ನು ಬೇರ್ಪಡಿಸಿ, ಮೊದಲು ಇಲಿಗಳಲ್ಲಿ, ಆಮೇಲೆ ಮನುಷ್ಯರ ಬಿಳಿಕಣಗಳಲ್ಲಿ ನೋಡಿದರು. ಕ್ಯಾನ್ಸರ್‌ಗೆ ಕರೆಂಟ್ ಕೊಡುವುದು ಎಂದು ನಾವು ಹೇಳುತ್ತೇವಲ್ಲ, ಅಂಥ ವಿಕಿರಣ ಬಿದ್ದಾಗ ವರ್ಣತಂತುಗಳು ಮುರಿಯುವುದು ಕಡಿಮೆಯಾಯಿತು. ಅದೇ ವಿಭಾಗದಲ್ಲಿ ಗಣೇಶ ಚಂದ್ರ ಜಗೇಟಿಯಾ ಮತ್ತು ಮಂಜೇಶ್ವರ ಶ್ರೀನಾಥ ಬಾಳಿಗ ಅವರು ನೇರಳೆ ಎಲೆಯ ಸಾರವನ್ನು ಹೀಗೆಯೇ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು.

ಮುರಿದದ್ದನ್ನು ಎಣಿಸುವ ಬಗೆಯೂ ಸ್ವಾರಸ್ಯವಾಗಿದೆ. ಕೋಶ ಎರಡಾಗುವ ಹೊತ್ತಿಗೆ ಮುರಿದ ವರ್ಣತಂತುವಿನ ಚೂರು ಎರಡೂ ಕಡೆಯ ಗುಂಪಿಗೆ ಸೇರದೆ ನಡುವೆ ಉಳಿದುಬಿಡುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದೊಡ್ಡ ಕೋಶಕೇಂದ್ರದ ಪಕ್ಕದಲ್ಲಿ ಪುಟ್ಟ ಚುಕ್ಕೆ. ಸಾವಿರ ಕೋಶ ನೋಡಿ ಎಷ್ಟರಲ್ಲಿ ಚುಕ್ಕೆ ಇದೆ ಎಂದು ಎಣಿಸಬೇಕು. ಬೀಡಿ ಲೆಕ್ಕ ಹಾಕಿದಷ್ಟೇ ತಾಳ್ಮೆ ಬೇಕಾದ ಕೆಲಸ. ಬ್ರ್ಯಾಂಚಿನಲ್ಲಿ ಬೀಡಿ ತಿರಸ್ಕಾರವಾದ ಹಾಗೆ ಇಲ್ಲೂ ಕೋಶ ಸರಿ ಕಾಣದಿದ್ದರೆ ಬಿಟ್ಟು ಮುಂದಕ್ಕೆ ಹೋಗಬೇಕು.

ನೇರಳೆ ಎಲೆಯ ಪ್ರಯೋಗದಲ್ಲಿ ಒಂದು ಅಂಶ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಒಂದೇ ಪ್ರಮಾಣ ಹಾಕಿ ನೋಡಿ ಬಿಟ್ಟುಬಿಡಲಿಲ್ಲ. ಸ್ವಲ್ಪದಿಂದ ಶುರುಮಾಡಿ ಹೆಚ್ಚಿಸುತ್ತ ಹೋದರು. ಒಂದು ಮಿಲಿಲೀಟರಿಗೆ 12.5 ಮೈಕ್ರೋಗ್ರಾಂ ಇದ್ದಾಗ ಚುಕ್ಕೆಗಳು ಅತಿ ಕಡಿಮೆ. ಅದಕ್ಕಿಂತ ಹೆಚ್ಚು ಹಾಕಿದಾಗ ರಕ್ಷಣೆ ಹೆಚ್ಚಲಿಲ್ಲ, ಇಳಿಯಿತು. ಒಳ್ಳೆಯದು ಎಂದು ಎರಡು ಚಮಚ ಹೆಚ್ಚು ಹಾಕುವ ನಮ್ಮ ಬುದ್ಧಿಗೆ ಅದು ಉತ್ತರ. ಇನ್ನೊಂದು, ಸಾರವನ್ನು ವಿಕಿರಣ ಬೀಳುವ ಮೊದಲೇ ಕೋಶಗಳಿಗೆ ಕೊಟ್ಟಿದ್ದರು. ಮುರಿದ ಮೇಲೆ ಕೊಟ್ಟು ಜೋಡಿಸಿದ್ದಲ್ಲ. ಮತ್ತೊಂದು, ಆ ಸಾರ ತೆಗೆದದ್ದು ಪಾತ್ರೆಯಲ್ಲಿ ನೀರಿಟ್ಟು ಕುದಿಸಿ ಅಲ್ಲ, ಪ್ರಯೋಗಾಲಯದ ದ್ರಾವಕಗಳಲ್ಲಿ. ಅದನ್ನು ಮನೆಯಲ್ಲಿ ಯಾರೂ ಕುಡಿಯುವ ಹಾಗಿಲ್ಲ.

ಇಷ್ಟರವರೆಗೆ ಹೇಳಿದ್ದೆಲ್ಲ ಗಾಜಿನ ತಟ್ಟೆಯಲ್ಲಿ ಅಥವಾ ಇಲಿಯ ಮೈಯಲ್ಲಿ ನಡೆದದ್ದು. ತಟ್ಟೆಯಲ್ಲಿ ಕೋಶದ ಮೇಲೆ ಅರಸಿನ ನೇರವಾಗಿ ಸುರಿಯಬಹುದು. ನಾವು ನುಂಗಿದ ಅರಸಿನ ಹೊಟ್ಟೆ, ಕರುಳು, ಪಿತ್ತಜನಕಾಂಗ ದಾಟಿ ಶ್ವಾಸಕೋಶದ ಕೋಶಕ್ಕೆ ಹೋಗಬೇಕು. ಹೋಗುತ್ತದೆಯೇ? ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ನುಂಗಲು ಕೊಟ್ಟು ರಕ್ತ ನೋಡಿದರು. ಇಲ್ಲವೆನ್ನುವಷ್ಟು ಕಡಿಮೆ ಸಿಕ್ಕಿತು. ಒಳ್ಳೆಮೆಣಸಿನ ಸತ್ವವಾದ ಪೈಪರೀನ್ 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ ಹಲವು ಪಟ್ಟು ಏರಿತು. ನಮ್ಮ ಅಜ್ಜಿಯಂದಿರು ಕಷಾಯಕ್ಕೆ ಅರಸಿನದ ಜೊತೆ ಒಳ್ಳೆಮೆಣಸು ಗುದ್ದಿ ಹಾಕಿದ್ದು ಯಾವ ಲೆಕ್ಕದಿಂದಲೋ, ಆದರೆ ಹಾಕಿದ್ದಂತೂ ನಿಜ. ಈ ಪ್ರಯೋಗ ಬಂದ ಮೇಲೆ ಅರಸಿನ ಮತ್ತು ಪೈಪರೀನ್ ಒಟ್ಟು ಮಾಡಿದ ಮಾತ್ರೆಗಳು ಪ್ರಪಂಚದಾದ್ಯಂತ ಬಂದವು. ಈಚೆಗೆ ಅಮೆರಿಕದಲ್ಲಿ ಅಂಥ ಮಾತ್ರೆ ನುಂಗಿದವರಲ್ಲಿ ಕೆಲವರಿಗೆ ಪಿತ್ತಜನಕಾಂಗ ಕೆಟ್ಟು ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯರ ವರದಿಗಳಲ್ಲಿ ಬಂದಿವೆ. ಸಾರಿಗೆ ಹಾಕುವ ಚಿಟಿಕೆ ಬೇರೆ, ಗಟ್ಟಿ ಮಾಡಿ ಮಾತ್ರೆಯಲ್ಲಿ ತುಂಬಿಸಿದ್ದು ಬೇರೆ. ರಕ್ತ ತೆಳುವಾಗುವ ಮಾತ್ರೆ, ಶುಗರಿನ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಂಥದ್ದನ್ನು ಮುಟ್ಟಬಾರದು.

ಹಾಗಾದರೆ ಮನುಷ್ಯರಲ್ಲಿ ಒಳ್ಳೆಯದು ಕಂಡದ್ದೇ ಇಲ್ಲವೇ ಎಂದರೆ, ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಲ್ಲಿ ಕಲ್ಪಗಂ ಪೊಲಾಸ, ಕಮಲಾ ಕೃಷ್ಣಸ್ವಾಮಿ ಮತ್ತು ಜೊತೆಯವರು 16 ಮಂದಿ ಹಳೆಯ ಸಿಗರೇಟುಗಾರರಿಗೆ ದಿನಕ್ಕೆ ಒಂದೂವರೆ ಗ್ರಾಂ ಅರಸಿನ 30 ದಿನ ಕೊಟ್ಟರು. ಸಿಗರೇಟು ಸೇದುವವರ ಮೂತ್ರದಲ್ಲಿ ಡಿಎನ್‌ಎಯನ್ನು ಕೆಡಿಸಬಲ್ಲ ವಸ್ತುಗಳು ಹೊರಬರುತ್ತವೆ. ಅದನ್ನು ಒಂದು ಜಾತಿಯ ಬ್ಯಾಕ್ಟೀರಿಯಾದ ಮೇಲೆ ಹಾಕಿ ಅಳೆಯಬಹುದು. ತಿಂಗಳ ಕೊನೆಗೆ ಆ ವಸ್ತುಗಳು ಗಣನೀಯವಾಗಿ ಕಡಿಮೆಯಾಗಿದ್ದವು. 1992ರಲ್ಲಿ ಪ್ರಕಟವಾದ ಕೆಲಸ. ಒಂದೂವರೆ ಗ್ರಾಂ ಎಂದರೆ ಅರ್ಧ ಚಹಾ ಚಮಚದಷ್ಟು, ಅಡುಗೆಯ ಅರಸಿನ. ಓದಿ ನಮಗೆ ಸಂತೋಷವಾಯಿತು. ಆದರೆ 16 ಮಂದಿ, ಒಂದು ತಿಂಗಳು. ಅವರಲ್ಲಿ ಯಾರಿಗೆ ಕ್ಯಾನ್ಸರ್ ಬಂತು, ಯಾರಿಗೆ ಬರಲಿಲ್ಲ ಎಂದು ನೋಡಿದ ಪ್ರಯೋಗ ಅದಲ್ಲ. ನಮ್ಮ ಚಾರ್ಟಿನಲ್ಲಿ ಬರೆಯಬೇಕಾಗಿದ್ದದ್ದು ಇಷ್ಟೇ ಆಗಿತ್ತು. ಇಷ್ಟು ಉದ್ದದ ವಾಕ್ಯ ಚಾರ್ಟಿನಲ್ಲಿ ಹಿಡಿಸುವುದಿಲ್ಲ ಎಂದು 'ಅರಸಿನ ಕ್ಯಾನ್ಸರ್ ತಡೆಯುತ್ತದೆ' ಎಂದು ಬರೆಸಿದೆವು.

ತಟ್ಟೆಯಿಂದ ಮನುಷ್ಯನಿಗೆ ಬರುವಾಗ ಹೇಗೆ ಮೋಸ ಹೋಗಬಹುದು ಎಂಬುದಕ್ಕೆ ಫಿನ್ಲೆಂಡ್ ದೇಶದ ಒಂದು ಪ್ರಯೋಗ ಹೇಳಲೇಬೇಕು. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೋಟಿನ್ ಕೂಡ ಹೀಗೆಯೇ ಉಗ್ರ ಕಣಗಳನ್ನು ಹಿಡಿದು ಹಾಕುವ ವಸ್ತು. ಹಣ್ಣು ತರಕಾರಿ ಹೆಚ್ಚು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದೂ ಕಂಡಿತ್ತು. ಹಾಗಾಗಿ 29,133 ಮಂದಿ ಸಿಗರೇಟು ಸೇದುವ ಗಂಡಸರನ್ನು ಸೇರಿಸಿ ವರ್ಷಗಟ್ಟಲೆ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚು! ಕಡಿಮೆಯಲ್ಲ, ಹೆಚ್ಚು. ಮಾಡಿದವರೇ ದಂಗಾದರು. ಆದರೂ ಮುಚ್ಚಿಡದೆ ಪ್ರಕಟಿಸಿದರು. ಡಬ್ಬಿ ಮಾರುವವನಿಗೂ ವಿಜ್ಞಾನಿಗೂ ಇರುವ ವ್ಯತ್ಯಾಸ ನಮಗೆ ಕಂಡದ್ದು ಅಲ್ಲಿ.

ಡಬ್ಬಿಯ ಒಳಗೆ ಏನಿದೆ ಎಂಬುದೂ ಒಂದು ಪ್ರಶ್ನೆ. ಅರಸಿನಕ್ಕೆ ಹೊಳೆಯುವ ಹಳದಿ ಬರಲೆಂದು ಕೆಲವೆಡೆ ಸೀಸದ ಕ್ರೋಮೇಟ್ ಎಂಬ ಬಣ್ಣ ಬೆರೆಸುತ್ತಾರೆ. ಸೀಸ ಮಕ್ಕಳ ಮೆದುಳಿಗೆ ವಿಷ, ಕ್ರೋಮೇಟ್ ಡಿಎನ್‌ಎಗೇ ಹಾನಿ ಮಾಡುವಂಥದ್ದು. ರಕ್ಷಣೆಗೆ ಎಂದು ತಿಂದದ್ದರಲ್ಲೇ ಅದು! ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿ ಸೀಸ ಏಕೆ ಹೆಚ್ಚಿದೆ ಎಂದು ಹುಡುಕುತ್ತ ಹೋದ ಸಂಶೋಧಕರು ಬಂದು ತಲುಪಿದ್ದು ಅರಸಿನಕ್ಕೆ. 2019ರಲ್ಲಿ ಅದು ಪ್ರಕಟವಾದ ಮೇಲೆ ಅಲ್ಲಿನ ಸರಕಾರ ಮಾರುಕಟ್ಟೆಗಳಲ್ಲಿ ತಪಾಸಣೆ ಮಾಡಿ ದಂಡ ಹಾಕಿತು, ಎರಡು ವರ್ಷದೊಳಗೆ ಆ ಕಲಬೆರಕೆ ನಿಂತಿತು ಎಂದು ಅವರೇ ಮತ್ತೆ ಪರೀಕ್ಷಿಸಿ ತೋರಿಸಿದರು. ನಮ್ಮ ದೇಶದಲ್ಲೂ ಆ ಬಣ್ಣ ಬೆರೆಸುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಅತಿ ಹೊಳೆಯುವ ಬಿಡಿ ಹುಡಿಗಿಂತ ಕೊಂಬು ತಂದು ಒಣಗಿಸಿ ಮಿಲ್ಲಿನಲ್ಲಿ ಹುಡಿ ಮಾಡಿಸುವುದು ಒಳ್ಳೆಯದು. ಕೊಂಬಿಗೂ ಬಣ್ಣ ಹಚ್ಚುವವರಿದ್ದಾರೆ. ತೊಳೆದಾಗ ನೀರಿಗೆ ಬಣ್ಣ ವಿಪರೀತ ಬಿಟ್ಟರೆ ಬೇಡ. ಹಿತ್ತಿಲಲ್ಲಿ ನಾಲ್ಕು ಗಿಡ ಇದ್ದರೆ ಇನ್ನೂ ಒಳ್ಳೆಯದು, ನಮ್ಮ ಮಣ್ಣಿಗೆ ಅದೇನು ಕಷ್ಟದ ಬೆಳೆಯಲ್ಲ.

ಕರಿಜೀರಿಗೆಯ ಬಗ್ಗೆ ಹದೀಸ್ ಇದೆ, ಜೇನಿನ ಬಗ್ಗೆ ಕುರ್‌ಆನ್‌ನಲ್ಲಿದೆ, ಹಾಗಿರುವಾಗ ಗಿಡಮೂಲಿಕೆಯನ್ನು ಅನುಮಾನಿಸುವುದು ಸರಿಯೇ ಎಂದು ಒಬ್ಬರು ಹಿರಿಯರು ನಮ್ಮನ್ನು ಕೇಳಿದರು. ಅದರ ವಿವರಣೆ ಉಸ್ತಾದರ ಕೆಲಸ, ನಾವು ಅದಕ್ಕೆ ಕೈ ಹಾಕುವುದಿಲ್ಲ. ಕಾಯಿಲೆ ಬಿದ್ದರೆ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದೂ ಪ್ರವಾದಿಯವರು (ಸ) ಕಲಿಸಿದ್ದಾರೆ ಎಂಬುದನ್ನು ಮಾತ್ರ ನೆನಪಿಸುತ್ತೇವೆ. ಆ ಮನೆಯಲ್ಲಿ ಧೂಳು ಹಿಡಿದದ್ದು ಇನ್‌ಹೇಲರ್, ಕರಿಜೀರಿಗೆಯಲ್ಲ.

ಆ ಉಮ್ಮನನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು ಊದಿಸಿ ಉಸಿರು ಅಳೆದರು. ಸಿಗರೇಟು ಸೇದುವವರಿಗೆ ಬರುವ ಶ್ವಾಸನಾಳದ ಕಾಯಿಲೆಯೇ, ಜೀವಮಾನದಲ್ಲಿ ಒಂದು ಬೀಡಿ ಸೇದದ ಹೆಂಗಸಿಗೆ ಬಂದಿದೆ. ವೈದ್ಯರು ಕೇಳಿದ ಮೊದಲ ಪ್ರಶ್ನೆ, ಒಲೆ ಯಾವುದು ಎಂದು. ಅಡುಗೆಗೆ ಗ್ಯಾಸ್ ಎಂದರು ಅವರು. ಅದು ನಿಜವೂ ಹೌದು, ಈಗ ಹೆಚ್ಚಿನ ಮನೆಗಳಲ್ಲಿ ಗ್ಯಾಸ್ ಬಂದಿದೆ. ಆದರೆ ನಮ್ಮ ಕಡೆ ಬಿಸಿನೀರಿನ ಹಂಡೆ ಒಲೆಯನ್ನು ಯಾರೂ ಒಲೆ ಎಂದು ಲೆಕ್ಕ ಹಿಡಿಯುವುದಿಲ್ಲ. ಏಳೆಂಟು ಮಂದಿಗೆ ಸ್ನಾನದ ನೀರು, ವರ್ಷದ 365 ದಿನ, ಬೆಳಿಗ್ಗೆ ಸಂಜೆ. ಬಗ್ಗಿ ಕುಳಿತು ಊದುವವರು ಹೆಂಗಸರು. ಪಕ್ಕದಲ್ಲಿ ಆಡುವುದು ಸಣ್ಣ ಮಕ್ಕಳು. ಮನೆಯೊಳಗಿನ ಒಲೆಯ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ 32 ಲಕ್ಷ ಮಂದಿ ಸತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಅದರ ಮೇಲೆ ಬೀಡಿ. ಈ ಸಭೆಯಲ್ಲಿ ಬೀಡಿ ಕಟ್ಟಿದ ದುಡ್ಡಿನಿಂದ ಮಕ್ಕಳನ್ನು ಓದಿಸಿದವರು ಎಷ್ಟೋ ಮಂದಿ ಇದ್ದೀರಿ. ಆ ಕೆಲಸವನ್ನು ಕಡೆಗಣಿಸಿ ಮಾತಾಡಿದರೆ ನಾಲಿಗೆ ಬಿದ್ದುಹೋದೀತು. ಆದರೆ ಗೊತ್ತಿರಲಿ, ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಬೀಡಿ ತಂಬಾಕು ಸಂಸ್ಕರಿಸುವ ಕೆಲಸಗಾರರ ರಕ್ತ ಪರೀಕ್ಷಿಸಿ, ಅವರಲ್ಲಿ ವರ್ಣತಂತು ಮುರಿತ ಹೆಚ್ಚೆಂದು 1995ರಲ್ಲಿ ಪ್ರಕಟಿಸಿದ್ದಾರೆ. ಸೇದಿ ಅಲ್ಲ, ಹುಡಿ ಮುಟ್ಟಿ, ಉಸಿರಾಡಿ. ಜಗಲಿಯಲ್ಲಿ ಗಾಳಿ ಬರುವಲ್ಲಿ ಕುಳಿತು ಕಟ್ಟುವುದು, ಮೂಗಿಗೆ ಬಟ್ಟೆ, ಊಟಕ್ಕೆ ಮೊದಲು ಸಾಬೂನು, ಮಲಗುವ ಕೋಣೆಯಲ್ಲಿ ತಂಬಾಕಿನ ಚೀಲ ಇಡದಿರುವುದು, ಇಷ್ಟನ್ನು ದುಡ್ಡು ಖರ್ಚಿಲ್ಲದೆ ಮಾಡಬಹುದು. ಎದೆಹಾಲು ಕುಡಿಸುವವರು ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು.

ವಿಷಕ್ಕೆ ಮದ್ದು ಹುಡುಕುವುದು ಒಂದು, ವಿಷವನ್ನೇ ನಿಲ್ಲಿಸುವುದು ಇನ್ನೊಂದು. ಎರಡನೆಯದಕ್ಕೆ ಉದಾಹರಣೆ ಬೇಕಿದ್ದರೆ ನಮ್ಮ ಪಕ್ಕದ ಬೆಳ್ತಂಗಡಿ ತಾಲೂಕಿನ ಕೊಕ್ಕಡಕ್ಕೆ ಹೋಗಬೇಕು. ಅಲ್ಲಿನ ಗೇರು ತೋಪುಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕಾಸರಗೋಡಿನ ಪಡ್ರೆ, ಎಣ್ಮಕಜೆಯಲ್ಲೂ ಅದೇ ಕತೆ. ಹಾಸಿಗೆ ಹಿಡಿದ ಮಕ್ಕಳನ್ನು ಸಾಕುತ್ತಿರುವ ತಾಯಂದಿರು ಇವತ್ತಿಗೂ ಅಲ್ಲಿದ್ದಾರೆ. ಅವರನ್ನು ಉಳಿಸುವ ಸೊಪ್ಪು ಕಾಡಿನಲ್ಲಿ ಇರಲಿಲ್ಲ. ಪಡ್ರೆಯ ಸಮೀಪ ಡಾ. ವೈ.ಎಸ್. ಮೋಹನ ಕುಮಾರ್ ಅವರು ತಮ್ಮ ಪುಟ್ಟ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಒಂದೇ ಬಗೆಯ ಕಾಯಿಲೆಗಳು ಯಾಕೆ ಇಷ್ಟು ಎಂದು ಗಮನಿಸಿ ಬರೆದಿಟ್ಟರು. ಪತ್ರಕರ್ತ ಶ್ರೀಪಡ್ರೆ ಬರೆದರು. ಊರವರು ಕೋರ್ಟಿಗೆ ಹೋದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆಹಿಡಿಯಿತು. ನಮ್ಮ ವಿದ್ಯಾರ್ಥಿಗಳು ಲೆಕ್ಕ ಬರೆದಿಡುವುದನ್ನು ಕಲಿಯಲಿ ಎಂದು ನಾವು ಹೇಳುವುದು ಇಂಥದ್ದಕ್ಕೆ.

ಹಂಡೆ ಒಲೆಗೆ ಸುಪ್ರೀಂ ಕೋರ್ಟ್ ಬೇಡ, ಒಂದು ಚಿಮಣಿ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಶುರುಮಾಡಿದ 'ಅಸ್ತ್ರ' ಎಂಬ ಕೇಂದ್ರ ಹಳ್ಳಿಯ ಹೆಂಗಸರಿಗಾಗಿ ಹೊಗೆ ಹೊರಗೆ ಹೋಗುವ ಒಲೆ ಮಾಡಿಕೊಟ್ಟಿತ್ತು. ಹಿರಿಯರಿಗೆ ಅಸ್ತ್ರ ಒಲೆ ನೆನಪಿರಬಹುದು. ಉಪಾಯ ಸರಳ: ಬೆಂಕಿಗೆ ಮುಚ್ಚಿದ ಗೂಡು, ಗಾಳಿ ಬರಲು ಕೆಳಗೆ ದಾರಿ, ಹೊಗೆ ಹೋಗಲು ಮೇಲೆ ಕೊಳವೆ. ಕಟ್ಟಿಗೆಯೂ ಕಡಿಮೆ ಸಾಕು. ಆ ಮನೆಯಲ್ಲಿ ಈಗ ಹಾಗೆ ಮಾಡಿದ್ದಾರೆ. ಮಗಳ ಸೋದರಮಾವ ಗಾರೆ ಕೆಲಸದವರು, ಒಂದು ಭಾನುವಾರದಲ್ಲಿ ಕಟ್ಟಿಕೊಟ್ಟರು. ತಗಡಿನ ಕೊಳವೆ ಹಾಕಿಸಿದೆವು, ಹಳೆಯ ಆಸ್ಬೆಸ್ಟಾಸ್ ಪೈಪು ಪುಕ್ಕಟೆ ಸಿಕ್ಕಿದರೂ ಬೇಡವೆಂದೆವು, ಅದು ಇನ್ನೊಂದು ವಿಷ. ಇನ್‌ಹೇಲರ್ ಮತ್ತೆ ಶುರುವಾಗಿದೆ. ಹೋದ ಉಸಿರು ಪೂರ್ತಿ ವಾಪಸು ಬರುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ, ಇನ್ನಷ್ಟು ಹೋಗದಂತೆ ನೋಡಿಕೊಳ್ಳಬಹುದು. ಆ ಎಂಟು ತಿಂಗಳ ಲೆಕ್ಕ ಯಾರ ಖಾತೆಗೆ ಎಂದು ನಮಗೆ ರಾತ್ರಿ ಒಮ್ಮೊಮ್ಮೆ ಯೋಚನೆ ಬರುವುದುಂಟು. ಅವರು ಮಾತ್ರ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಹೋದಾಗಲೆಲ್ಲ ಚಹಾ ಕೊಡದೆ ಕಳುಹಿಸುವುದಿಲ್ಲ.

ಅರಸಿನ ಹಾಲು ಬಿಡಬೇಕಾ ಟೀಚರ್ ಎಂದು ಅವರು ಕೇಳಿದರು. ಬೇಡ, ಕುಡಿಯಿರಿ, ಮೀನಿನ ಸಾರಿಗೂ ಹಾಕಿ. ಡಬ್ಬಿ ಮಾತ್ರ ಬೇಡ.

ಇನ್ನು ದಾನಿಗಳ ಹತ್ತಿರ ಒಂದು ಮಾತು. ನಾವು ಇವತ್ತು ಹೇಳಿದ ಹೆಸರುಗಳನ್ನು ಗಮನಿಸಿದಿರಾ? ಲೀಲಾ ಶ್ರೀನಿವಾಸ್, ಶಾಲಿನಿ, ಉಮಾದೇವಿ, ಕಲ್ಪಗಂ ಪೊಲಾಸ, ಕಮಲಾ ಕೃಷ್ಣಸ್ವಾಮಿ. ಒಲೆಯ ಹೊಗೆಯನ್ನು, ಅಡುಗೆಯ ಅರಸಿನವನ್ನು ಪ್ರಯೋಗಾಲಯಕ್ಕೆ ಒಯ್ಯಬೇಕೆಂದು ಹೊಳೆದದ್ದು ಇಂಥವರಿಗೆ. ನಮ್ಮ ವಿದ್ಯಾರ್ಥಿವೇತನದ ಬಹುಪಾಲು ಈಗ ಇಂಜಿನಿಯರಿಂಗ್‌ಗೆ ಹೋಗುತ್ತದೆ. ತೋಡಾರಿನಲ್ಲೇ ಯೇನೆಪೋಯ ತಾಂತ್ರಿಕ ಕಾಲೇಜು ಇರುವಾಗ ಅದು ಸಹಜ. ಗಂಡುಮಕ್ಕಳಿಗೆ ಗಲ್ಫ್, ಹೆಣ್ಣುಮಕ್ಕಳಿಗೆ ಬಿ.ಕಾಂ. ಸಾಕು ಎನ್ನುವವರೂ ಇದ್ದೀರಿ. ಬಿ.ಎಸ್ಸಿ. ಮಾಡುತ್ತೇನೆ ಎನ್ನುವ ಹುಡುಗಿಯ ಅರ್ಜಿಯನ್ನು ಅದರಲ್ಲೇನು ಸಂಪಾದನೆ ಎಂದು ಬದಿಗಿಟ್ಟ ವರ್ಷಗಳಿವೆ. ಬದಿಗಿಟ್ಟವರಲ್ಲಿ ನಾವೂ ಇದ್ದೆವು. ಈ ಸಲ ಬಿ.ಎಸ್ಸಿ., ನರ್ಸಿಂಗ್, ಪ್ರಯೋಗಾಲಯ ತಂತ್ರಜ್ಞ ಕೋರ್ಸುಗಳಿಗೂ ಅರ್ಜಿ ಸ್ವೀಕರಿಸಲು ಸಮಿತಿ ಒಪ್ಪಿದೆ. ವಿವರ ಇದೇ ವರದಿಯ ಸೂಚನೆಯಲ್ಲಿದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರದ ಜೊತೆಗೆ ಮನೆಯ ಹಂಡೆ ಒಲೆಗೆ ಚಿಮಣಿ ಇದೆಯೇ ಎಂಬ ಒಂದು ಪ್ರಶ್ನೆಯನ್ನೂ ಫಾರಂನಲ್ಲಿ ಸೇರಿಸಿದ್ದೇವೆ. ನಗಬೇಡಿ. ಇಲ್ಲ ಎಂದು ಬರೆದರೆ ವಿದ್ಯಾರ್ಥಿವೇತನಕ್ಕೆ ತೊಂದರೆಯಾಗುವುದಿಲ್ಲ.

ಚಿಮಣಿ ಹಾಕಿಸುವ ಖರ್ಚಿಗೆ ಝಕಾತಿನ ಹಣ ಸಲ್ಲುತ್ತದೋ, ಸದಕಾದ ಹಣವೇ ಆಗಬೇಕೋ ಎಂಬುದನ್ನು ಉಸ್ತಾದರು ತಿಳಿಸಿದ ಮೇಲೆ ಟ್ರಸ್ಟ್ ತೀರ್ಮಾನಿಸುತ್ತದೆ. ಅಷ್ಟರವರೆಗೆ ಕಾಯದೆ ಒಂದೆರಡು ಮನೆಯ ಖರ್ಚು ನಮ್ಮದಿರಲಿ ಎಂದು ಮುಂದೆ ಬರುವವರಿದ್ದರೆ ಊಟದ ನಂತರ ಖಜಾಂಚಿಯವರನ್ನು ಕಾಣಬಹುದು. ಗಾರೆ ಕೆಲಸ ಬಲ್ಲ ಯುವಕರು ಭಾನುವಾರ ಅರ್ಧ ದಿನ ಕೊಡುವುದಾದರೆ ಅದೂ ದುಡ್ಡಿನಷ್ಟೇ. ಚಿಮಣಿ ಬೇಕಾದ ಮನೆಯವರು ಬಾಗಿಲ ಹತ್ತಿರದ ಮೇಜಿನಲ್ಲಿ ಹೆಸರು, ಮನೆ ನಂಬ್ರ ಬರೆಸಿ ಹೋಗಿ. ಮಳೆ ಶುರುವಾಗುವ ಮೊದಲು ಬರುತ್ತೇವೆ, ಇನ್ಶಾ ಅಲ್ಲಾಹ್.